ಬೇಯಿಸಿದರೂ ಹೋಗದ ವಿಷ

ಮರುವಾಯಿ ಸುಕ್ಕ ತಿಂದ ರಾತ್ರಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ನಮ್ಮ ಅಮ್ಮಮ್ಮನ ಹತ್ತಿರ ಒಂದೇ ಉತ್ತರ: "ಸಮಾ ಬೇಯ್ಲಿಲ್ಲ ಕಾಣ್ತ್." ಹೆಚ್ಚಿನ ಸಲ ಅದು ಸರಿಯೇ. ಆದರೆ ಎಷ್ಟು ಬೇಯಿಸಿದರೂ ಹೋಗದ ಒಂದು ವಿಷ ಉಂಟು. ಹೆಸರು ಒಕಡಾಯಿಕ್ ಆಮ್ಲ.

ಡೈನೋಫೈಸಿಸ್ ಎಂಬ ಸೂಕ್ಷ್ಮ ಪಾಚಿ ಇದನ್ನು ತಯಾರಿಸುತ್ತದೆ. ಮರುವಾಯಿ ನೀರನ್ನು ಸೋಸಿ ಪಾಚಿ ತಿನ್ನುವ ಜೀವಿ, ಹಾಗಾಗಿ ವಿಷ ಅದರ ಮೈಯಲ್ಲಿ ಸೇರಿಕೊಳ್ಳುತ್ತದೆ. ರುಚಿ, ವಾಸನೆಯಲ್ಲಿ ಗೊತ್ತಾಗುವುದಿಲ್ಲ. ನಮ್ಮ ಕರುಳಿಗೆ ಬಂದಾಗ ಅದು ಹೋಗಿ ಹಿಡಿಯುವುದು 'ಪ್ರೋಟೀನ್ ಫಾಸ್ಫಟೇಸ್ 2ಎ' ಎಂಬ ಕಿಣ್ವವನ್ನು. ಜೀವಕೋಶದಲ್ಲಿ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವಗಳಿವೆ, ಅದನ್ನು ಬಿಡಿಸುವವು ಫಾಸ್ಫಟೇಸ್‌ಗಳು. ಗದ್ದೆಗೆ ನೀರು ಬಿಡುವವ ಒಬ್ಬ, ಕಟ್ಟ ಹಾಕುವವ ಇನ್ನೊಬ್ಬ ಇದ್ದ ಹಾಗೆ. ಕಟ್ಟ ಹಾಕುವವನನ್ನೇ ಹಿಡಿದಿಟ್ಟರೆ? ಕರುಳಿನ ಕೋಶಗಳ ನಡುವಿನ ಬಿಗಿ ಸಡಿಲವಾಗಿ ನೀರು ಸೋರುತ್ತದೆ. ಭೇದಿ, ವಾಂತಿ; ಸಾಮಾನ್ಯವಾಗಿ ಮೂರು ದಿನದೊಳಗೆ ವಾಸಿ.

ಕಿಣ್ವದ ಕೆಲಸ ಮಾತ್ರ ಹೊಟ್ಟೆಗೆ ಮುಗಿಯುವುದಿಲ್ಲ. ಕೋಶಗಳು ಅಂಕೆಮೀರಿ ಬೆಳೆಯದಂತೆ ತಡೆಯುವುದರಲ್ಲಿ ಅದರ ಪಾಲಿದೆ; ಒಕಡಾಯಿಕ್ ಆಮ್ಲ ಸವರಿದ ಇಲಿಗಳ ಚರ್ಮದಲ್ಲಿ ಗಡ್ಡೆ ಬೆಳೆಯುವುದಕ್ಕೆ ಕುಮ್ಮಕ್ಕು ಸಿಕ್ಕಿತ್ತು. ಅಲ್ಝೈಮರ್ಸ್ ಇರುವವರ ಮೆದುಳಿನಲ್ಲೂ ಈ ಕಿಣ್ವದ ಚಟುವಟಿಕೆ ಕುಗ್ಗಿರುತ್ತದೆ.

ಇದೆಲ್ಲ ದೂರದ ಊರಿನ ಸುದ್ದಿ ಅಂದುಕೊಳ್ಳಬೇಡಿ. ಕರ್ನಾಟಕ ಕರಾವಳಿಯ ಚಿಪ್ಪುಜೀವಿಗಳಲ್ಲಿ ಭೇದಿ ತರುವ ಈ ಬಗೆಯ ವಿಷ ಇರುವುದನ್ನು ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಸಂಗಡಿಗರು 1989ರಲ್ಲೇ ವರದಿ ಮಾಡಿದ್ದಾರೆ. ಅದಕ್ಕೂ ಮೊದಲು, 1983ರಲ್ಲಿ, ಕುಂಬಳೆ ಹೊಳೆಯ ಮರುವಾಯಿ ತಿಂದು ಜೀವವೇ ಹೋಗಿತ್ತು. ಅದು ನರಕ್ಕೆ ಹೊಡೆಯುವ ಬೇರೆ ವಿಷ, ಆದರೆ ದಾರಿ ಒಂದೇ: ಪಾಚಿಯಿಂದ ಚಿಪ್ಪಿಗೆ, ಚಿಪ್ಪಿನಿಂದ ಬಟ್ಟಲಿಗೆ.

ಸಮುದ್ರ ಬಣ್ಣ ಬದಲಾಯಿಸಿದಾಗ ನಾವು ಪತ್ರಿಕೆಯವರು ಓಡಿಹೋಗಿ ಫೋಟೊ ತೆಗೆಯುತ್ತೇವೆ. ಡೈನೋಫೈಸಿಸ್‌ಗೆ ಬಣ್ಣ ಬೇಕಿಲ್ಲ, ಲೀಟರಿಗೆ ಕೆಲವು ನೂರು ಕೋಶ ಇದ್ದರೂ ಚಿಪ್ಪಿಗೆ ವಿಷ ಏರಬಹುದು. ಯುರೋಪಿನಲ್ಲಿ ಒಂದು ಕಿಲೋ ಮಾಂಸದಲ್ಲಿ 160 ಮೈಕ್ರೊಗ್ರಾಂ ದಾಟಿದರೆ ಮಾರುವಂತಿಲ್ಲ. ನಮ್ಮ ಪಂಚಗಂಗಾವಳಿಯಲ್ಲಿ, ಬ್ರಹ್ಮಾವರದ ಸೀತಾ ನದಿಯಲ್ಲಿ ನೀರು ಇಳಿದಾಗ ಹೆಕ್ಕಿದ ಮರುವಾಯಿ ಅದೇ ದಿನ ಮನೆಮನೆಗೆ ಹೋಗುತ್ತದೆ. "ಈ ವಾರ ಹೆಕ್ಕಬೇಡಿ" ಎಂದು ಹೇಳಲು ಮೊದಲು ಯಾರಾದರೂ ನೀರು ಪರೀಕ್ಷೆ ಮಾಡಿರಬೇಕು. ಹೇಳಿದರೂ, ಹೆಕ್ಕಿ ಮಾರುವ ಹೆಂಗಸರ ಆ ವಾರದ ಖರ್ಚಿಗೆ ದುಡ್ಡು ಕೊಡುವವರು ಯಾರು?