ಕೆಲಸವೂ ಮನೆಯೂ ಒಂದೇ ಊರಿನಲ್ಲಿದ್ದ ಕಾಲ

ಷಿಕಾಗೋ ಬಿಟ್ಟು ಐ-90 ಹೆದ್ದಾರಿಯಲ್ಲಿ ವಾಯವ್ಯಕ್ಕೆ ಹೊರಟರೆ, ವಿಮಾನ ನಿಲ್ದಾಣ ದಾಟಿದ ಮೇಲೆ ಕುಕ್ ಕೌಂಟಿಯ ಹೊರವಲಯದ ಊರುಗಳು ಒಂದರ ಬೆನ್ನಿಗೊಂದು ಬರುತ್ತವೆ. ಶಾಂಬರ್ಗ್, ಅದಕ್ಕೆ ಅಂಟಿಕೊಂಡಂತೆ ಹಾಫ್‌ಮನ್ ಎಸ್ಟೇಟ್ಸ್. 1956ರಲ್ಲಿ ಶಾಂಬರ್ಗಿಗೆ ಊರೆಂಬ ಮಾನ್ಯತೆ ಸಿಕ್ಕಾಗ ಅಲ್ಲಿದ್ದವರು ಸುಮಾರು 130 ಜನ. ಸುತ್ತ ಜರ್ಮನ್ ಮೂಲದ ರೈತರ ಹೊಲಗಳು. 1971ರಲ್ಲಿ ವುಡ್‌ಫೀಲ್ಡ್ ಮಾಲ್ ಬಂತು, ಅದೇ ದಶಕದಲ್ಲಿ ಮೊಟೊರೋಲಾದ ಮುಖ್ಯ ಕಚೇರಿಯೂ ಬಂತು. ಆಮೇಲೆ ಊರು ಹಿಂತಿರುಗಿ ನೋಡಲಿಲ್ಲ.

ನಮ್ಮವರು ಇಲ್ಲಿಗೆ ಬಂದ ದಾರಿಯಲ್ಲಿ ಬೆಂಗಳೂರೂ ಇದೆ. 1991ರಲ್ಲಿ ಮೊಟೊರೋಲಾ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೇಂದ್ರ ತೆರೆಯಿತು. ಅಲ್ಲಿಂದ ಕೆಲವು ತಿಂಗಳ ಮಟ್ಟಿಗೆಂದು ಬಂದವರಲ್ಲಿ ಎಷ್ಟೋ ಮಂದಿ ಇಲ್ಲೇ ಮನೆ ಮಾಡಿದರು. ಕ್ಯಾಂಟೀನಿನಲ್ಲಿ ಕಿಟಕಿಯ ಪಕ್ಕದ ಒಂದು ಮೇಜು ನಮ್ಮದು. ಡಬ್ಬಿ ತೆರೆದರೆ ಮೊಸರನ್ನ, ಚಟ್ನಿಪುಡಿ, ಯಾರದೋ ಮನೆಯ ಬಿಸಿಬೇಳೆಬಾತ್. ಕನ್ನಡ ಕೂಟದ ಯುಗಾದಿ ನಾಟಕದಲ್ಲಿ ಯಾರಿಗೆ ಯಾವ ಪಾತ್ರ, ಊರಿಂದ ಬರುವ ಅತ್ತೆಗೆ ಯಾವ ಡಾಕ್ಟರು, ಲೆಮಾಂಟ್ ದೇವಸ್ಥಾನಕ್ಕೆ ಭಾನುವಾರ ಯಾರ ಕಾರು, ಎಲ್ಲ ಅಲ್ಲೇ ಇತ್ಯರ್ಥ. ಮನೆ ಹತ್ತು ನಿಮಿಷದ ದೂರ. ಹಿಮ ಬಿದ್ದ ದಿನವೂ ಕತ್ತಲಾಗುವುದರೊಳಗೆ ಮನೆ ಸೇರುತ್ತಿದ್ದೆವು. ಮಕ್ಕಳ ಶಾಲೆ, ಲೈಬ್ರರಿ, ಈಜುಕೊಳ, ಕಚೇರಿ ಎಲ್ಲವೂ ಕಾಲಳತೆಯಲ್ಲಿ ಎನ್ನುವಷ್ಟು ಹತ್ತಿರ. ಮಹಾನಗರದ ಸಂಬಳವಿದ್ದೂ ಸಣ್ಣ ಊರಿನ ಬದುಕು ನಮಗೆ ದಕ್ಕಿತ್ತು. ಅಂಥ ಬದುಕು ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಕಂಪನಿಗಳು ಒಂದೊಂದಾಗಿ ಎದ್ದುಹೋದವು. ಮೊಟೊರೋಲಾ 2011ರಲ್ಲಿ ಇಬ್ಭಾಗವಾಯಿತು. ಮೊಬೈಲ್ ಮಾಡುವ ಭಾಗವಿದ್ದದ್ದು ಪಕ್ಕದ ಲೇಕ್ ಕೌಂಟಿಯ ಲಿಬರ್ಟಿವಿಲ್‌ನಲ್ಲಿ. ಅದು 2014ರಲ್ಲಿ ಷಿಕಾಗೋ ನಗರಕ್ಕೆ ಹೋಯಿತು. ಶಾಂಬರ್ಗಿನ ಮುಖ್ಯ ಕಚೇರಿಯೂ 2016ರಲ್ಲಿ ಅದೇ ಹಾದಿ ಹಿಡಿಯಿತು. ಎಳೆಯ ಎಂಜಿನಿಯರುಗಳಿಗೆ ರೈಲು, ಕೆಫೆ, ನಗರದ ಗದ್ದಲ ಬೇಕು, ಹುಲ್ಲುಹಾಸಿನ ನಡುವಿನ ಕಚೇರಿ ಬೇಡ ಎಂಬುದು ಎಲ್ಲೆಡೆ ಕೇಳಿಬಂದ ಕಾರಣ. ಅದೇ ವರ್ಷ ಹಾಫ್‌ಮನ್ ಎಸ್ಟೇಟ್ಸ್‌ನ ದೊಡ್ಡ ಆವರಣವನ್ನು ಎಟಿ ಅಂಡ್ ಟಿ ಖಾಲಿ ಮಾಡಿತು.

ನನಗೆ ಹೆಚ್ಚು ನೋವು ಕೊಟ್ಟದ್ದು ಸಿಯರ್ಸ್. ಒಂದು ಕಾಲಕ್ಕೆ ಕ್ಯಾಟಲಾಗ್ ಮೂಲಕ ಇಡೀ ಮನೆಯನ್ನೇ ಬಿಡಿಭಾಗಗಳಾಗಿ ರೈಲಿನಲ್ಲಿ ಕಳಿಸುತ್ತಿದ್ದ ಕಂಪನಿ ಅದು. 110 ಮಹಡಿಯ ತನ್ನದೇ ಹೆಸರಿನ ಗೋಪುರವನ್ನು ಬಿಟ್ಟು 1990ರ ದಶಕದ ಆರಂಭದಲ್ಲಿ ಹಾಫ್‌ಮನ್ ಎಸ್ಟೇಟ್ಸ್‌ಗೆ ಬಂದಾಗ, ನಗರವೇ ಹಳ್ಳಿಗೆ ಇಳಿದು ಬಂದಷ್ಟು ಸಂಭ್ರಮ. ಅದನ್ನು ಉಳಿಸಿಕೊಳ್ಳಲು 1989ರಲ್ಲಿ ಒಮ್ಮೆ, 2011ರಲ್ಲಿ ಮತ್ತೊಮ್ಮೆ ಇಲಿನಾಯ್ ಸರ್ಕಾರ ತೆರಿಗೆ ರಿಯಾಯಿತಿ ಕೊಟ್ಟಿತು. ಶಾಲೆಗಳಿಗೆ ಸೇರಬೇಕಾದ ಹಣವೂ ಅದರಲ್ಲಿತ್ತು. 2018ರ ಅಕ್ಟೋಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆ ರಿಯಾಯಿತಿ ತಪ್ಪಾಗಿತ್ತೆಂದು ನನಗೆ ಈಗಲೂ ಅನಿಸುತ್ತದೆ. ಕಂಪನಿ ಒಂದು ದಿನ ಹೋಗಿಯೇ ಹೋಗುತ್ತದೆ. ಶಾಲೆ ಇಲ್ಲೇ ಇರಬೇಕಾದದ್ದು.

ಹಾಗಾದರೆ ಕೌಂಟಿ ಬರಿದಾಗುತ್ತಿದೆಯೇ? ಜನಸಂಖ್ಯೆ ಮಾತ್ರ ನೋಡಿದರೆ ಹೌದೆಂದು ತಟ್ಟನೆ ಹೇಳಲಾಗದು. 2020ರ ಜನಗಣತಿಯಲ್ಲಿ ಕುಕ್ ಕೌಂಟಿಯಲ್ಲಿದ್ದವರು 52 ಲಕ್ಷ 75 ಸಾವಿರ, 2010ಕ್ಕಿಂತ ತುಸು ಹೆಚ್ಚೇ. ಇಳಿಮುಖ ಕಂಡದ್ದು ನಂತರದ ಅಂದಾಜುಗಳಲ್ಲಿ. ಶಾಂಬರ್ಗಿನಲ್ಲೂ ಆ ಹತ್ತು ವರ್ಷದಲ್ಲಿ ಜನ ಹೆಚ್ಚಿ 78 ಸಾವಿರ ದಾಟಿದ್ದರು. ಪೆಟ್ಟು ಬಿದ್ದದ್ದು ತೆರಿಗೆಯ ಲೆಕ್ಕದಲ್ಲಿ. ಈ ಕೌಂಟಿಯಲ್ಲಿ ವಾಣಿಜ್ಯ ಕಟ್ಟಡಕ್ಕೆ ಮಾರುಕಟ್ಟೆ ಬೆಲೆಯ ಶೇ. 25ರಷ್ಟು, ವಾಸದ ಮನೆಗೆ ಶೇ. 10ರಷ್ಟು ಮೌಲ್ಯ ಕಟ್ಟಿ ಆಸ್ತಿ ತೆರಿಗೆ ಹಾಕುತ್ತಾರೆ. ಕಚೇರಿಗಳು ಬಹುಭಾಗ ಹೊರುತ್ತಿದ್ದುದರಿಂದ ಮನೆಯವರಿಗೆ ಹಗುರ. ಖಾಲಿ ಕಟ್ಟಡದ ಬೆಲೆ ಕುಸಿದಾಗ ಶಾಲೆಯ ಖರ್ಚು ಕುಸಿಯುವುದಿಲ್ಲ, ಹೊರೆ ಮನೆಗಳ ಕಡೆ ಸರಿಯುತ್ತದೆ. ಪಿಂಚಣಿಯಲ್ಲಿ ಬದುಕುವ ನನ್ನ ಓರಗೆಯವರು ಮನೆ ಮಾರಿ ಟೆಕ್ಸಸ್ಸಿಗೋ ಫ್ಲೋರಿಡಾಕ್ಕೋ ಹೊರಡುವ ಮಾತೆತ್ತಿದರೆ, ಮೊದಲು ಬರುವುದು ತೆರಿಗೆ ಬಿಲ್ಲಿನ ಸುದ್ದಿ, ಚಳಿಯದು ಆಮೇಲೆ.

ಎಟಿ ಅಂಡ್ ಟಿ ಆವರಣಕ್ಕೆ ಬೆಲ್ ವರ್ಕ್ಸ್ ಎಂಬ ಹೊಸ ಹೆಸರಿನಲ್ಲಿ ಮರುಜೀವ ಬಂದಿದೆ, ಅದು ಸಂತೋಷವೇ. ಸಿಯರ್ಸ್ ಆವರಣವನ್ನು ಡೇಟಾ ಸೆಂಟರ್ ಕಂಪನಿಯೊಂದು 2023ರಲ್ಲಿ ಕೊಂಡು ಕಟ್ಟಡಗಳನ್ನು ಕೆಡವಿತು. ಡೇಟಾ ಸೆಂಟರ್ ಕಟ್ಟಿದರೆ ತೆರಿಗೆ ಬಂದೀತು, ಆದರೆ ಸಾವಿರಾರು ಜನ ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳುವ ಜಾಗ ಅದಾಗದು.

ಆ ಕಚೇರಿಗಳಲ್ಲಿ ದುಡಿದ ಕನ್ನಡಿಗರು ಇನ್ನೂ ಇಲ್ಲಿದ್ದೀರಿ. ಹಳೆಯ ಗುರುತಿನ ಚೀಟಿ, ಬೀಳ್ಕೊಡುಗೆಯ ಫೋಟೋ, ನಾಟಕದ ಕರಪತ್ರ ಯಾವುದಿದ್ದರೂ ಎಸೆಯಬೇಡಿ. ಯಾವ ಕಟ್ಟಡದಲ್ಲಿ ಏನು ಮಾಡಿದಿರಿ ಎಂಬುದನ್ನು ಒಂದೆರಡು ಪುಟವಾದರೂ ಕನ್ನಡದಲ್ಲಿ ಬರೆದು ಕೂಟದ ಸ್ಮರಣ ಸಂಚಿಕೆಗೆ ಕೊಡಿ.