ಏಳು ತಿಂಗಳ ಲೆಕ್ಕ

ರಾತ್ರಿ ಎರಡು ಗಂಟೆ. ಬೆಂಗಳೂರಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡು. ಟ್ಯೂಬ್‌ಲೈಟಿನ ಬೆಳಕಲ್ಲಿ ಹಗಲೋ ಇರುಳೋ ತಿಳಿಯದು. ನೀವು ಪ್ರೊಫೆಸರ್ ಬೆನ್ನ ಹಿಂದೆ ನಿಂತಿದ್ದೀರಿ. ಹಿರಿಯರ ತುರ್ತು ಚಿಕಿತ್ಸೆಯೇ ಆಕೆಯ ಸಂಶೋಧನೆ.

ಮೂರನೇ ಬೆಡ್‌ನ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರು. ಒಂದೇ ಸಮ ಕೂಗುತ್ತಿದ್ದಾರೆ.

"ಅಜ್ಜಿಗೆ ಕನ್‌ಫ್ಯೂಷನ್ ಇದೆ ಮೇಡಂ. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳಿ ಅಂದ್ರೆ ಒಂದೂ ಹೇಳ್ಲಿಲ್ಲ," ಎನ್ನುತ್ತಾನೆ ಕಿರಿಯ ವೈದ್ಯ.

ಅವನ ಕೈಲಿರುವುದು 4ಎಟಿ ಎಂಬ ಒಂದು ಪುಟದ ಪರೀಕ್ಷೆ. ಕಾಯಿಲೆಗೋ ಔಷಧಿಗೋ ಬುದ್ಧಿ ದಿಢೀರನೆ ಮಂಕಾಗುವ ಡೆಲಿರಿಯಂ ಹಿಡಿಯಲು ಅಮೆರಿಕದ ಶರನ್ ಇನೋಯೆ 1990ರಲ್ಲೇ ಒಂದು ವಿಧಾನ ಕೊಟ್ಟಿದ್ದರು; ಅದಕ್ಕೆ ತರಬೇತಿ ಬೇಕು. ಆಮೇಲೆ ಬಂದ 4ಎಟಿಗೆ ಎರಡು ನಿಮಿಷ ಸಾಕು. ಏಳು ತಿಂಗಳು ತಪ್ಪಿಲ್ಲದೆ ಹಿಂದಕ್ಕೆ ಹೇಳಿದರೆ ಗಮನ ನೆಟ್ಟಗಿದೆ ಎಂದರ್ಥ.

ಪ್ರೊಫೆಸರ್ ಸ್ಟೂಲ್ ಎಳೆದು ಕಿವಿಯ ಹತ್ತಿರ ಬಾಗುತ್ತಾರೆ. "ಅಜ್ಜೀ, ಯುಗಾದಿಗೆ ಮುಂಚಿನ ಮಾಸ ಯಾವುದು? ಅಲ್ಲಿಂದ ಹಿಂದ್ಹಿಂದಕ್ಕೆ ಹೇಳಿ."

"ಫಾಲ್ಗುಣ, ಮಾಘ, ಪುಷ್ಯ, ಮಾರ್ಗಶಿರ... ಕಾರ್ತಿಕ, ಆಶ್ವಯುಜ, ಭಾದ್ರಪದ. ಸಾಕೇನಮ್ಮ? ಮೊದ್ಲು ನೋವಿಗೇನಾದ್ರೂ ಕೊಡು."

ನೀವೂ ಬೆರಳು ಮಡಚಿದ್ದೀರಿ: ಏಳು. ತೊಡೆಸಂದಿಗೆ ನರ ಮರಗಟ್ಟಿಸುವ ಇಂಜೆಕ್ಷನ್ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಕೂಗು ನರಳಿಕೆಗಿಳಿದು, ನಿಲ್ಲುತ್ತದೆ.

ನಾಲ್ಕನೇ ಬೆಡ್‌ನ ತಾತ ಸುಮ್ಮನೆ ಮಲಗಿದ್ದಾರೆ. "ಪಾಪ, ಇವರದ್ದೇನೂ ತೊಂದ್ರೆ ಇಲ್ಲ ಮೇಡಂ," ಎನ್ನುತ್ತಾರೆ ಸಿಸ್ಟರ್. ಪ್ರೊಫೆಸರ್ ಅಲ್ಲೇ ಕೂರುತ್ತಾರೆ. ಅದೇ ಪ್ರಶ್ನೆ. "ಫಾಲ್ಗುಣ... ಮಾಘ..." ತಾತನ ಕಣ್ಣು ಫ್ಯಾನಿನತ್ತ ಜಾರುತ್ತದೆ.

"ಮೊನ್ನೆವರೆಗೂ ಪೇಪರ್ ಓದ್ತಿದ್ರು ಮೇಡಂ. ವಯಸ್ಸಾಯ್ತಲ್ಲ," ಎನ್ನುತ್ತಾನೆ ಮಗ.

"ಎರಡು ದಿನದಲ್ಲಿ ಯಾರಿಗೂ ವಯಸ್ಸಾಗಲ್ಲಪ್ಪ. ಹೊಸದಾಗಿ ಮಾತ್ರೆ ಏನಾದ್ರೂ ಕೊಟ್ರಾ?"

ನೆಗಡಿಗೆಂದು ಮೆಡಿಕಲ್ ಶಾಪಿನಿಂದ ತಂದ ಸ್ಟ್ರಿಪ್ ಮಗನ ಜೇಬಿನಿಂದ ಹೊರಬರುತ್ತದೆ. ಆಕೆ ಕಿಬ್ಬೊಟ್ಟೆ ಮೇಲೆ ಕೈಯಿಡುತ್ತಾರೆ, ಗಟ್ಟಿ. ಮಾತ್ರೆ ಮೂತ್ರವನ್ನೂ ಕಟ್ಟಿದೆ, ಮನಸ್ಸನ್ನೂ ಕವಿದಿದೆ. ದಿಢೀರ್ ಬದಲಾವಣೆಯೊಂದಕ್ಕೇ 4ಎಟಿಯಲ್ಲಿ 4 ಅಂಕ. ಡೆಲಿರಿಯಂ ಶಂಕಿಸಲು ಅಷ್ಟೇ ಸಾಕು. ಕೆಥೆಟರ್ ಹಾಕಿದ್ದೇ ಚೀಲ ತುಂಬತೊಡಗುತ್ತದೆ.

ಫಾರ್ಮಿನಲ್ಲಿ ಅಚ್ಚಾದ 'ಡಿಸೆಂಬರ್' ಮೇಲೆ ಆಕೆ ಪೆನ್ಸಿಲಿನಲ್ಲಿ 'ಫಾಲ್ಗುಣ?' ಎಂದು ಬರೆಯುತ್ತಾರೆ. ಆ ಪ್ರಶ್ನಾರ್ಥಕ ಚಿಹ್ನೆ ಅಳಿಯಬೇಕಾದರೆ ಇಂಥ ನೂರಾರು ಹಾಸಿಗೆಗಳ ಬಳಿ ಕೂರಬೇಕು, ಲೆಕ್ಕ ತಾಳೆ ನೋಡಬೇಕು. ವರ್ಷಗಳ ಕೆಲಸ.

ಐದನೇ ಬೆಡ್‌ನಿಂದ ಸದ್ದೇ ಇಲ್ಲ. ಆಕೆ ಸ್ಟೂಲ್ ಎತ್ತಿಕೊಂಡು ಅತ್ತ ನಡೆಯುತ್ತಾರೆ.