ಕಾರ್ ರಿಪೇರಿಯಾಗಿ ಬಂದ್ರ ಮೊದ್ಲ ಮೂಸಿ ನೋಡ್ರಿ

ನಮ್ಮ ಮನ್ಯಾಗ ಒಂದು ಮಾರುತಿ 800 ಅದ, 2003ರದ್ದು. 2014ರಾಗನ ಆ ಗಾಡಿ ಮಾಡೋದು ಬಂದ್ ಆತು, ಆದ್ರೂ ನಮ್ಮನಿಯವರು ಅದನ್ನ ಮಾರಂಗಿಲ್ಲ. ಸೊಸಿ ಬಂದದ್ದು, ಮೊಮ್ಮಗ ದವಾಖಾನಿಯಿಂದ ಮನಿಗೆ ಬಂದದ್ದು ಎಲ್ಲಾ ಅದರಾಗನ. ಈಗ ಓಣಿ ಹುಡುಗ್ರು ಅದಕ್ಕ 'ಕ್ಲಾಸಿಕ್ ಕಾರ್' ಅಂತಾರ. ಅದನ್ನ ಕೇಳಿದ್ರ ಇವರು ಒಂದು ಚಪಾತಿ ಜಾಸ್ತಿ ತಿಂತಾರ.

ಹೋದ ಶ್ರಾವಣದಾಗ ಗಾಡಿ ನಿಂತಲ್ಲೇ ನಡಗಲಿಕ್ಕೆ ಹತ್ತಿತು. ಇಂಜೆಕ್ಟರ್ ಕಟ್ಟ್ಯಾವ, ಬಿಚ್ಚಿ ತೊಳೀಬೇಕು ಅಂದ ಮೆಕ್ಯಾನಿಕ್. ಶುಕ್ರವಾರ ಸಂಜಿಗೆ ತಂದು ಬಿಟ್ಟು ಹೋದ. ಮರುದಿನ ಶ್ರಾವಣ ಶನಿವಾರ, ಅತ್ತಿಯವರನ್ನ, ಮೊಮ್ಮಗನ್ನ ಕೂಡಿಸ್ಕೊಂಡು ನುಗ್ಗಿಕೇರಿ ಹಣಮಪ್ಪನ ದರ್ಶನಕ್ಕ ಹೋಗೋದಿತ್ತು.

ಮುಂಜಾನೆ ರಂಗೋಲಿ ಹಾಕಲಿಕ್ಕೆ ಹೋದ್ರ ಗಾಡಿ ಹತ್ರ ಪೆಟ್ರೋಲ್ ವಾಸನಿ. "ರಿಪೇರಿ ಆದಮ್ಯಾಲೆ ಒಂದೆರಡು ದಿನ ಬರ್ತದ, ನಿನಗೇನ್ ತಿಳೀತದ" ಅಂದ್ರು ಇವರು. ಗ್ಯಾಸಿನ ವಾಸನಿ ಬಂದ್ರ ನಾವು ಹಂಗ ಅಂತೀವೇನ್ರಿ? ಕಿಟಕಿ ತಗೀತೀವಿ, ಲೈಟ್ ಮುಟ್ಟಂಗಿಲ್ಲ. ಮೊಮ್ಮಗನ್ನ ಒಳಗ ಕಳಿಸಿ, ತುಳಸಿ ಮುಂದಿನ ದೀಪಾ ಹಚ್ಚಬ್ಯಾಡ್ರಿ ಅಂತ ಅತ್ತಿಯವರಿಗೆ ಹೇಳಿ, ಮೈದುನನ ಮಗಗ ಫೋನ್ ಹಚ್ಚಿದೆ. ಅಂವ ಐಟಿಐ ಕಲ್ತಾನ.

ಅಂವ ಹೇಳಿದ್ದು ಇಷ್ಟು. ಮೊದಲಿನ 800ಕ್ಕ ಕಾರ್ಬ್ಯುರೇಟರ್ ಇರ್ತಿತ್ತು. ನಮ್ಮದು ಎಂಪಿಎಫ್‌ಐ. ಮೂರು ಸಿಲಿಂಡರ್, ಮೂರು ಇಂಜೆಕ್ಟರ್. ಟ್ಯಾಂಕಿನಾಗಿನ ಪಂಪ್ ಪೆಟ್ರೋಲನ್ನ ಒತ್ತಿ ಕಳಸ್ತದ, ಇಂಜೆಕ್ಟರ್ ಅದನ್ನ ಪನ್ನೀರದಾನಿ ಹಂಗ ಸಣ್ಣಗ ಸಿಂಪಡಸ್ತದ. ಆ ಒತ್ತಡ ಸುಮಾರು ಎರಡೂವರಿ-ಮೂರು ಬಾರ್. ರೆಗ್ಯುಲೇಟರ್ ದಾಟಿ ನಮ್ಮ ಒಲಿಗೆ ಬರೋ ಗ್ಯಾಸಿಗಿಂತ ಹೆಚ್ಚುಕಡಿಮಿ ನೂರು ಪಟ್ಟು! ಅದನ್ನ ತಡಿಯೋದು ಸಿಲಿಂಡರ್ ಬಾಯಾಗ ಇರ್ತದಲ್ಲ, ಅಂಥದೇ ಒಂದು ಸಣ್ಣ ರಬ್ಬರ್ ರಿಂಗ್. ಪ್ರತಿ ಇಂಜೆಕ್ಟರಿಗೆ ಮ್ಯಾಲೊಂದು, ಕೆಳಗೊಂದು. ಮ್ಯಾಲಿಂದು ಹರಿದ್ರ ಪೆಟ್ರೋಲ್ ಸೋರ್ತದ. ಕೆಳಗಿಂದು ಕೆಟ್ರ ಗಾಳಿ ಒಳಗ ಹೋಗಿ ಎಂಜಿನ್ ನಡಗ್ತದ.

"ಕಾಕಾ, ಸ್ಟಾರ್ಟ್ ಮಾಡಬ್ಯಾಡ್ರಿ. ಬಾನೆಟ್ ತಗದು ಕೀಲಿ ಆನ್ ತನಾ ಅಷ್ಟೇ ತಿರುವ್ರಿ" ಅಂದ. ತಿರುವಿದ್ರು. ಹಿಂದ ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಅಂದು ಸುಮ್ಮನಾತು. ನಾ ದೂರ ನಿಂತು ಬ್ಯಾಟರಿ ಬಿಟ್ಟು ನೋಡಿದೆ. ಮೂರನೇ ಇಂಜೆಕ್ಟರ್ ತಲಿ ಹತ್ರ ಫಳಫಳ ಹನಿ, ಒಂದರ ಹಿಂದೊಂದು. ಇವರು ಮಾತಾಡಲಿಲ್ಲ. ಕೀಲಿ ತಗದು ತಮ್ಮ ಕಿಸೆದಾಗ ಹಾಕ್ಕೊಂಡ್ರು. ನಾವು ಆವತ್ತು ಆಟೋದಾಗ ಹಣಮಪ್ಪಗ ಹೋದ್ವಿ.

ಮಧ್ಯಾಹ್ನ ಮೆಕ್ಯಾನಿಕ್ ಬಂದು ಬಿಚ್ಚಿದ. ಹಳೇ ರಿಂಗನ್ನೇ ಮತ್ತ ಹಾಕಿದ್ದ. ಇಪ್ಪತ್ತು ವರ್ಷದ ರಬ್ಬರ್ ಒಣಗಿ ಬಿರಸಾಗಿತ್ತು, ಒತ್ತಿ ಕೂಡಿಸೋವಾಗ ಸೀಳ್ಯದ. ಈಗಂತೂ ಪೆಟ್ರೋಲ್‌ನ್ಯಾಗ ನೂರಕ್ಕ ಇಪ್ಪತ್ತರ ತನಾ ಎಥೆನಾಲ್ ಇರ್ತದ, ಹಳೇ ಗಾಡಿ ರಬ್ಬರಿಗೆ ಅದು ಆಗಿ ಬರಂಗಿಲ್ಲ. ಹೊಸಾ ರಿಂಗಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ ಕೂಡಿಸಿದ್ರ ಸೀಳಂಗಿಲ್ಲಂತ. ಕಾದ ಎಂಜಿನ್ ಮ್ಯಾಲೆ ಆ ಹನಿ ಬಿದ್ದಿದ್ರ, ಹಿಂದಿನ ಸೀಟಿನಾಗ ಅತ್ತಿಯವರು, ತೊಡಿ ಮ್ಯಾಲೆ ಕೂಸು... ನೆನಸ್ಕೊಂಡ್ರ ಈಗೂ ಕೈ ತಣ್ಣಗಾಗ್ತದ.

ಅದಕ್ಕ ಅಕ್ಕಾರ, ವೈನಿಯರ, ನಿಮ್ಮನಿ ಹಳೇ ಗಾಡಿಗೆ ಪೆಟ್ರೋಲ್ ಕೆಲಸಾ ಆಗಿ ಬಂದ್ರ ಮೊದ್ಲ ನೀವು ಮೂಸಿ ನೋಡ್ರಿ. ಒಗ್ಗರಣಿ ಸೀದದ್ದು ಪಡಸಾಲ್ಯಾಗ ಕೂತೇ ತಿಳಿಯೋ ಮೂಗು ನಮ್ಮದು. ಆಮ್ಯಾಲೆ ಕೀಲಿ ಆನ್ ಮಾಡಿಸಿ ಇಂಜೆಕ್ಟರ್ ಹತ್ರ, ಪೈಪಿನ ಕ್ಲಿಪ್ ಹತ್ರ, ಗಾಡಿ ಕೆಳಗ ನೆಲಾ ನೋಡ್ರಿ. ಎರಡು ಸಲ ಮಾಡಿಸ್ರಿ, ಯಾಕಂದ್ರ ಒತ್ತಡ ಏರಿದ ಮ್ಯಾಲೆನ ಹನಿ ಕಾಣೋದು. ವಾಸನಿ ಇದ್ರ ಯಾರು ಎಷ್ಟು ನಕ್ಕರೂ ಗಾಡಿ ಹೊರಗ ತಗೀಲಿಕ್ಕೆ ಬಿಡಬ್ಯಾಡ್ರಿ. ಇನ್ನೊಂದು ಮಾತು, ಕೆಲಸಕ್ಕ ಕೊಡೋವಾಗನ ಹೇಳಿಬಿಡ್ರಿ: "ರಿಂಗ್ ಹೊಸಾದು ಹಾಕು, ಹಳೇದು ನನ್ನ ಕೈಯಾಗ ಕೊಡು." ಜಂಪರ್ ಹೊಲಿಯಾಕಿ ಹತ್ರ ಉಳಿದ ತುಂಡು ಕೇಳಿ ಇಸ್ಕೋತೀವಿ, ಇದನ್ನ ಕೇಳಲಿಕ್ಕೆ ನಾಚಿಕಿ ಯಾಕ?